ಹತ್ತು ಬೆರಳಿನ ಆಚಾರ್ರು

ಆಯುಧಪೂಜೆಗೆ ಇನ್ನೂ ಎರಡು ದಿನ ಇತ್ತು. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ನಾನು ಕೆಲಸ ಮಾಡುವ ಬಾಗಿಲಿನ ಅಂಗಡಿಯಲ್ಲಿ ಅದು ಎಲ್ಲ ದಿನಗಳಂಥದ್ದೇ ಒಂದು ದಿನ. ಎದುರಿಗೆ ಈರುಳ್ಳಿ ಲಾರಿಗಳು ಸಾಲಾಗಿ ನಿಂತಿದ್ದವು. ಒಳಗೆ ನಮ್ಮ ಹಿರಿಯ ಬಡಗಿ ಆಚಾರ್ರು ನನ್ನನ್ನು ಬೈಯುತ್ತಿದ್ದರು. ನಾನು ಹೊನ್ನೆಯ ಹಲಗೆಯೊಂದರ ಅಂಚಿಗೆ ರೂಟರ್ ಮೆಷಿನ್ ಓಡಿಸಿ ದುಂಡು ಮಾಡಿ ಮುಗಿಸಿದ್ದೆ. ಅವರು ಹೆಬ್ಬೆರಳಿನ ಉಗುರನ್ನು ಅಂಚಿನುದ್ದಕ್ಕೂ ಎಳೆಯುತ್ತಾ ಬಂದು ಒಂದು ಕಡೆ ನಿಲ್ಲಿಸಿದರು.

"ಇಲ್ಲಿ ಯಾರ್ನ ನೆನ್ಕಂಡು ನಿಂತಿದ್ದಮ್ಮಿ?"

ಉಗುರು ನಿಂತ ಕಡೆ ಮರ ಕಂದಿತ್ತು. ಮರ ಕಡಿಯುವ ಬಿಟ್ ತಿರುಗುತ್ತಿರುವಾಗ ಮೆಷಿನ್ ಒಂದೇ ಜಾಗದಲ್ಲಿ ಅರೆಗಳಿಗೆ ನಿಂತರೂ ಮರ ಸುಡುತ್ತದೆ.

"ಲಾರಿಯೋನು ಹಾರ್ನ್ ಹೊಡ್ದ ಆಚಾರ್ರೇ. ತಿರುಗಿ ನೋಡ್ಬುಟ್ಟೆ."

"ನೋಡು, ಚೆನ್ನಾಗ್ ನೋಡ್ಕೊ. ನಾಳ ಬೆಳ್ಳು ಓದ್ರ ಅದೇ ಲಾರಿಲಿ ಈರುಳ್ಳಿ ಮೂಟೆ ಮ್ಯಾಲ ಕುಂದ್ರುಸ್ಕಂಡು ಆಸ್ಪತ್ರಗ ಓಗ್ತಾರ. ಆಗ ಹಾರ್ನು ಕೇಳ್ಕಂಡೇ ಓಗೀಯಂತ."

ಹನ್ನೊಂದಕ್ಕೆ ಟೀ ಬಂತು. ಟೀ ಅಂಗಡಿಯಾಕೆ ಎಲ್ಲರ ಲೋಟಕ್ಕೂ ತುಂಬ ಹಾಕಿ ಆಚಾರ್ರ ಲೋಟಕ್ಕೆ ಅರ್ಧ ಹಾಕಿದಳು. ಒಂದು ವರ್ಷದಿಂದ ಹಾಗೆಯೇ ಹಾಕುತ್ತಿದ್ದಳು. ತುಂಬಿಸಿದರೆ ಚೆಲ್ಲುತ್ತಿತ್ತು. ಯಾಕೆ ಅರ್ಧ ಎಂದು ಯಾರೂ ಕೇಳುತ್ತಿರಲಿಲ್ಲ. ಅವರೂ ಗೋಡೆಯ ಕಡೆ ತಿರುಗಿ ಕುಡಿಯುತ್ತಿದ್ದರು. ಐದೂವರೆಗೆ ಮೈಮೇಲಿನ ಮರದ ಹೊಟ್ಟು ಕೊಡವಿಕೊಂಡು ತಮ್ಮೂರು ಹರವೆಯ ಬಸ್ಸಿಗೆ ಹೋದರು.

ಅದಾದ ಮೂರನೆಯ ದಿನ, ವಿಜಯದಶಮಿಯಂದು, ರೂಟರನ್ನು ಅವರ ಕೈಯಿಂದ ಕಿತ್ತುಕೊಂಡವಳು ನಾನು. ಅವರು ತೀರಿಕೊಂಡು ಈಗ ಐದು ತಿಂಗಳಾಯಿತು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಬರೆದು ಅಭ್ಯಾಸವಿಲ್ಲ. ಆದರೆ ಅವರು ಎಂಥವರಾಗಿದ್ದರು, ನಾನು ಅವರಿಗೆ ಏನು ಮಾಡಿದೆ ಎಂಬುದನ್ನು ಒಂದು ಕಡೆ ಇಡಬೇಕು ಎನಿಸಿದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ. ಹಾಗೆ ಹೇಳಿದರೆ ಅದು ಆಚಾರ್ರ ವಿಷಯ ಆಗುವುದಿಲ್ಲ.

ಅವರ ಹೆಸರು ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ. ಅಂಗಡಿಯ ಸಾಹುಕಾರರೂ ಆಚಾರ್ರೇ ಎಂದೇ ಕರೆಯುತ್ತಿದ್ದರು. ಕುಳ್ಳ ಆಳು, ಅಗಲವಾದ ಮಣಿಕಟ್ಟು. ಅರವತ್ತು ದಾಟಿತ್ತು. ನಲವತ್ತು ವರ್ಷ ಮರದ ಕೆಲಸ ಮಾಡಿಯೂ ಹತ್ತು ಬೆರಳು ಹಾಗೇ ಇದ್ದವು. ನಮ್ಮ ಕಸುಬಿನಲ್ಲಿ ಅದು ಸಣ್ಣ ವಿಷಯವಲ್ಲ. ಹೊಸ ಗಿರಾಕಿ ಬಂದರೆ ಮರ ತೋರಿಸುವ ಮೊದಲು ತಮ್ಮ ಎರಡು ಕೈ ಎತ್ತಿ ಅಗಲಿಸಿ ತೋರಿಸುತ್ತಿದ್ದರು. "ಎಣ್ಸ್ಕೊಳಿ" ಎನ್ನುತ್ತಿದ್ದರು. ಗಿರಾಕಿ ನಕ್ಕರೆ ಇವರು ನಗುತ್ತಿರಲಿಲ್ಲ. ನಿಜವಾಗಿ ಎಣಿಸುವವರೆಗೂ ಕೈ ಇಳಿಸುತ್ತಿರಲಿಲ್ಲ.

ಹೊಸದಾಗಿ ಕೆಲಸಕ್ಕೆ ಬಂದವರ ಕೈಯನ್ನು ಬೆಂಚಿನ ಮೇಲೆ ಇಡಿಸಿ ಒಂದು ಪ್ರಶ್ನೆ ಕೇಳುತ್ತಿದ್ದರು. ನನ್ನನ್ನೂ ಕೇಳಿದ್ದರು.

"ಇದ್ರಲ್ಲಿ ಯಾವ ಬೆಳ್ಳು ಬ್ಯಾಡ ನಿಂಗ?"

"ಎಲ್ಲಾನೂ ಬೇಕು."

"ಹಂಗಂತೀಯ. ಒಂದೊರ್ಸ ಆದ್ಮೇಲ ನೀನೇ ಒಂದ್ನ ಮೆಷಿನ್‌ಗ ಕೊಟ್ಬುಡ್ತೀಯ. ಈಗ್ಲೇ ಏಳ್ಬುಡು, ಉಳೀಲಿ ತಗ್ದಾಕ್ಬುಡನ. ಕರೆಂಟ್ ಆದ್ರೂ ಉಳೀತದ."

ಹೇಳುತ್ತಾ ಉಳಿಯನ್ನು ನನ್ನ ಕಿರುಬೆರಳಿನ ಮೇಲೆ ಇಟ್ಟೇ ಇಟ್ಟರು. ಒತ್ತಲಿಲ್ಲ. ಆದರೆ ಉಳಿ ತಣ್ಣಗಿತ್ತು. ಅದು ಈಗಲೂ ನೆನಪಿದೆ.

ಆಗ ನನ್ನ ಗಂಡ ಇದ್ದರು. ತರಕಾರಿ ಮಂಡಿಯಲ್ಲಿ ಲೋಡಿಂಗ್ ಕೆಲಸ. ನಾನು ಅಂಗಡಿಗೆ ಉಪ್ಪುಕಾಗದ ಉಜ್ಜಲು ಮತ್ತು ಪಾಲಿಶ್ ಹೊಡೆಯಲು ಸೇರಿಕೊಂಡಿದ್ದೆ. ಮೂಲೆಯಲ್ಲಿ ಕುಳಿತು ಬಾಗಿಲು ಉಜ್ಜುವಾಗ ನನ್ನ ಕಣ್ಣು ಆಚಾರ್ರ ರೂಟರ್ ಮೇಲೇ ಇರುತ್ತಿತ್ತು. ಎರಡು ಹಿಡಿ, ನಡುವೆ ಮೋಟರು, ಕೆಳಗೆ ಹೆಬ್ಬೆರಳಿನಷ್ಟು ದಪ್ಪದ ಬಿಟ್. ಅಷ್ಟೇ ಇದ್ದ ಆ ಮೆಷಿನ್ ಒರಟು ಹಲಗೆಯ ಅಂಚನ್ನು ದುಂಡು ಮಾಡುತ್ತಿತ್ತು, ಹಲಗೆಯ ಮೈಯಲ್ಲಿ ಬಳ್ಳಿ ಬರೆಯುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ನಂಗೂ ಕಲಿಸ್ಕೊಡಿ ಆಚಾರ್ರೇ."

ಅವರು ನನ್ನ ಕೈ ನೋಡಿದರು. ಹಸಿರು ಗಾಜಿನ ಬಳೆ, ಒಂದೊಂದು ಕೈಗೆ ಒಂದು ಡಜನ್.

"ಬಳೆ ತಗ್ದುಟ್ಟು ಬಾ."

"ಮುತ್ತೈದೆ ಬಳೆ ತಗೀತಾಳಾ ಆಚಾರ್ರೇ?"

"ತಗೀಬ್ಯಾಡ. ಉಪ್ಪುಕಾಗದ ಉಜ್ಕಂಡಿರು. ಬಿಟ್‌ಗ ಬಳೆ ಸಿಕ್ಕುದ್ರ ಅದು ಮುತ್ತೈದೇನಾ ಅಂತ ಕೇಳಕಿಲ್ಲ. ಬಳೆ ಜತ್ಗ ಕೈಯ್ಯೂ ಎಳ್ಕತದ."

ಅವರ ಮುಂದೆ ಯಾರೂ ಮೈಮೇಲೆ ಜೋಲುವುದನ್ನು ಹಾಕಿಕೊಳ್ಳುವಂತಿರಲಿಲ್ಲ. ಮಣಿಕಟ್ಟಿನ ದಾರ, ಉದ್ದ ತೋಳು, ಕೊರಳ ಟವೆಲ್ಲು, ಏನೂ ಇಲ್ಲ. ಸಾಹುಕಾರರ ಮನೆಯವರು ಲಿಂಗ ಧರಿಸುವವರು. ಸಾಹುಕಾರರೇ ಒಮ್ಮೆ ಕುತೂಹಲಕ್ಕೆ ಮೆಷಿನ್ ಹಿಡಿಯಲು ಬಂದಾಗ ಕೊರಳಿನ ಶಿವದಾರವನ್ನು ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿಕೊಳ್ಳುವವರೆಗೂ ಆಚಾರ್ರು ಪ್ಲಗ್ ಹಾಕಿರಲಿಲ್ಲ. ನಾನು ಬಳೆ ತೆಗೆಯಲಿಲ್ಲ. ಎರಡು ವರ್ಷ ಮೂಲೆಯಲ್ಲೇ ಉಜ್ಜಿದೆ.

ಆಮೇಲೆ ನನ್ನ ಗಂಡನಿಗೆ ಕಾಮಾಲೆಯಾಯಿತು. ಹದಿನೇಳು ದಿನ ಮಲಗಿ ಹೋಗಿಬಿಟ್ಟರು. ಬಳೆಯನ್ನು ನಾನು ತೆಗೆಯಬೇಕಾಗಲಿಲ್ಲ. ಅವರ ಕಡೆಯ ಹೆಂಗಸರು ಒಡೆದರು.

ತಿಂಗಳಾದ ಮೇಲೆ ಅಂಗಡಿಗೆ ಹೋದೆ. ಎಲ್ಲರೂ ಕೆಲಸ ನಿಲ್ಲಿಸಿದರು. ಆಚಾರ್ರು ಬಂದು ನನ್ನ ಎರಡು ಕೈಯನ್ನೂ ನೋಡಿದರು.

"ಈಗ ಬಳೆ ಕಾಟ ಇಲ್ವಲ್ಲ. ಬಾ, ಮೆಷಿನ್ ಇಡ್ಕೊ."

ಅಷ್ಟು ಜನರ ಮುಂದೆ ಹೇಳಿದರು. ಒಬ್ಬರು "ಆಚಾರ್ರೇ!" ಎಂದರು. ಇವರು ತಿರುಗಿಯೂ ನೋಡಲಿಲ್ಲ. ನನ್ನ ಕೈಯಲ್ಲಿ ಆಗ ಮರದ ತುಂಡೊಂದಿತ್ತು, ಅದನ್ನು ಅವರ ಮುಖಕ್ಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಕೆಳಗಿಟ್ಟು ಬೆಂಚಿನ ಹತ್ತಿರ ಹೋದೆ. ಆ ತಿಂಗಳು ನನಗೆ ಸಮಾಧಾನ ಹೇಳಿದವರು ಬಹಳ ಮಂದಿ. ಕಸುಬು ಕೊಟ್ಟವರು ಅವರೊಬ್ಬರೇ. ಹಾಗೆಂದು ಆ ಮಾತನ್ನು ನಾನು ಮರೆತೆ ಎಂದು ಯಾರೂ ತಿಳಿಯಬಾರದು.

ಮೊದಲ ಎಂಟು ದಿನ ಪ್ಲಗ್ ಹಾಕಲು ಬಿಡಲಿಲ್ಲ. ಸತ್ತ ಮೆಷಿನನ್ನು ಎರಡು ಕೈಯಲ್ಲೂ ಹಿಡಿದು ಹಲಗೆಯ ಸುತ್ತ ತಳ್ಳುತ್ತಾ ಇರಬೇಕು. ರಸ್ತೆಯಲ್ಲಿ ನಿಂತ ಡ್ರೈವರುಗಳು ನೋಡಿ ನಗುತ್ತಿದ್ದರು. "ಏನಕ್ಕಾ, ಇಸ್ತ್ರಿ ಅಂಗಡಿ ಇಟ್ರಾ?" ಎನ್ನುತ್ತಿದ್ದರು. ಆಚಾರ್ರು ಅವರ ಜೊತೆ ಸೇರಿ, "ಬಟ್ಟೆ ಇದ್ರ ತನ್ರಿ, ಮಾಡ್ಕೊಡ್ತಾಳ" ಎಂದರು.

ಒಂಬತ್ತನೆಯ ದಿನ ಪ್ಲಗ್ ಹಾಕಿದರು. ಹಲಗೆಯನ್ನು ಬೆಂಚಿಗೆ ಎರಡು ಕಡೆ ಕ್ಲಾಂಪ್ ಹಾಕಿ ಬಿಗಿದರು. ಬಿಟ್ ಮರಕ್ಕೆ ತಾಗದಂತೆ ಹಿಡಿದು ಸ್ವಿಚ್ ಒತ್ತಬೇಕು, ಪೂರ್ತಿ ಜೋರಿಗೆ ಬಂದ ಮೇಲೆ ಮರಕ್ಕೆ ಕೊಡಬೇಕು ಎಂದರು. ಅಷ್ಟು ಹೇಳಿ, "ಬಲ್ಗಡಿಂದ ಎಡಕ್ ಓಗು" ಎಂದರು. ಹೋದೆ. ಮೆಷಿನ್ ನನ್ನ ಕೈಯಿಂದ ಹಾರಿಕೊಂಡು ಅಂಚಿನುದ್ದಕ್ಕೂ ಓಡಿತು. ನಾನು ಹಿಡಿ ಬಿಡದೆ ಅದರ ಹಿಂದೆ ಎಳೆದುಹೋಗಿ ಗೋಡೆಗೆ ಹೆಗಲು ಬಡಿಸಿಕೊಂಡೆ. ಆಚಾರ್ರು ಅಷ್ಟರಲ್ಲಿ ಪ್ಲಗ್ ಕಿತ್ತಿದ್ದರು. ಮೊದಲಿನಿಂದಲೂ ಅವರ ಕೈ ಪ್ಲಗ್ಗಿನ ಮೇಲೇ ಇತ್ತು ಎಂಬುದನ್ನು ನಾನು ಆಮೇಲೆ ಗಮನಿಸಿದೆ. ಅವರು ನಗುತ್ತಿದ್ದರು.

"ಈಗ ಗೊತ್ತಾಯ್ತಾ ಅದ್ಕ ಯಾವ ಕಡ್ಗ ಓಡೋಕಾಸೆ ಅಂತ?"

"ಬಾಯಲ್ಲೇ ಏಳ್ಬೋದಿತ್ತಲ್ಲ ಆಚಾರ್ರೇ!"

"ಬಾಯಲ್ಲಿ ಏಳುದ್ರ ಮರೀತಿದ್ದೆ. ಎಗಲು ನೋಯ್ತದಲ್ಲ, ಅದು ಮರಿಯಕಿಲ್ಲ."

ಮರದ ಅಂಚು ನಮ್ಮ ಎದುರಿಗಿದ್ದರೆ ಎಡದಿಂದ ಬಲಕ್ಕೆ ಹೋಗಬೇಕು. ಆಗ ಬಿಟ್ ಮರವನ್ನು ಎದುರಿಸಿ ಕಡಿಯುತ್ತದೆ, ಮೆಷಿನ್ ಕೈಯ ಹತೋಟಿಯಲ್ಲಿರುತ್ತದೆ. ಎದುರು ದಿಕ್ಕಿನಲ್ಲಿ ಹೋದರೆ ಬಿಟ್ ಗಾಲಿಯ ಹಾಗೆ ಉರುಳಿ ಓಡುತ್ತದೆ. ಇದನ್ನು ನಾನು ಬರೆಯಲು ಒಂದು ಗಳಿಗೆ ಬೇಕಾಯಿತು. ಹೆಗಲು ನೆಟ್ಟಗಾಗಲು ಎರಡು ವಾರ ಹಿಡಿಯಿತು.

ಅವರು ಕಲಿಸಿದ್ದೆಲ್ಲ ಹೀಗೆಯೇ. ಆಳದ ಗೆರೆಯನ್ನು ಒಂದೇ ಸಲಕ್ಕೆ ತೆಗೆಯಲು ಹೋದಾಗ ಮಧ್ಯಾಹ್ನ ನನ್ನ ಬುತ್ತಿಯ ಮುದ್ದೆಯನ್ನು ಪೂರ್ತಿ ಎತ್ತಿ ನನ್ನ ಬಾಯಿಗೆ ಒತ್ತಿದರು. "ನುಂಗು. ಒಂದೇ ಸಲ್ಕ ನುಂಗು. ಆಗಕಿಲ್ವಾ? ಬಿಟ್‌ಗೂ ಆಗಕಿಲ್ಲ." ಆಮೇಲೆ ಮೂರು ಸಲಕ್ಕೆ, ನಾಲ್ಕು ಸಲಕ್ಕೆ, ಸ್ವಲ್ಪ ಸ್ವಲ್ಪವೇ ಬಿಟ್ ಇಳಿಸಿ ತೆಗೆಯುವುದನ್ನು ಕಲಿತೆ. ಸ್ವಿಚ್ ಆರಿಸಿದ ಕೂಡಲೇ ಮೆಷಿನನ್ನು ಕೆಳಗಿಟ್ಟಾಗ ಬೆನ್ನಿಗೆ ಗುದ್ದಿದರು. ಬಿಟ್ ಪೂರ್ತಿ ನಿಲ್ಲುವವರೆಗೆ ಮೆಷಿನ್ ಕೈಯಲ್ಲೇ ಇರಬೇಕು. ಕಣ್ಣಿಗೆ ಕನ್ನಡಕ ಹಾಕದಿದ್ದವರ ಮುಖಕ್ಕೆ ಒಂದು ಹಿಡಿ ಹೊಟ್ಟು ಎರಚುತ್ತಿದ್ದರು. ಕಿವಿಗೆ ಮಾತ್ರ ಏನೂ ಇಟ್ಟುಕೊಳ್ಳಲು ಬಿಡುತ್ತಿರಲಿಲ್ಲ. ಬಿಟ್ ಮೊಂಡಾದರೆ, ಮರದಲ್ಲಿ ಗಂಟು ಬಂದರೆ, ಮೋಟರಿನ ದನಿ ಮೊದಲು ಬದಲಾಗುತ್ತದೆ, ಅದು ಕೇಳಬೇಕು ಎನ್ನುತ್ತಿದ್ದರು. ನಾನು ಒಮ್ಮೆ ಹತ್ತಿ ಇಟ್ಟುಕೊಂಡಾಗ ಅದನ್ನು ಕಿತ್ತು ಎಸೆದರು. ಈಗ ನಾನು ಇಟ್ಟುಕೊಳ್ಳುತ್ತೇನೆ. ದನಿ ಬದಲಾದದ್ದು ಹತ್ತಿಯ ಒಳಗೂ ಕೇಳುತ್ತದೆ. ಅವರು ಹೇಳಿದ್ದರಲ್ಲಿ ತಪ್ಪಾಗಿದ್ದದ್ದು ಇದೊಂದೇ, ಮತ್ತು ಅದರಿಂದಲೇ ಅವರ ಕಿವಿ ಹೋಯಿತು.

ಮಾದೇವನ ವಿಷಯ ಹೇಳಬೇಕು. ನನಗಿಂತ ಮೊದಲಿನಿಂದ ಅಂಗಡಿಯಲ್ಲಿದ್ದವನು, ಆಚಾರ್ರ ನಂತರ ಮೆಷಿನ್ ಅವನ ಕೈಗೇ ಎಂದು ಎಲ್ಲರೂ ತಿಳಿದಿದ್ದರು. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ಒಂದು ಮಧ್ಯಾಹ್ನ ಅವನು ಗೆರೆ ತೆಗೆಯುತ್ತಿರುವಾಗ ಕರೆಂಟ್ ಹೋಯಿತು. ಮೆಷಿನ್ ನಿಂತಿತು. ಸ್ವಿಚ್ ಆರಿಸಲಿಲ್ಲ, ಪ್ಲಗ್ ತೆಗೆಯಲಿಲ್ಲ. ಹಲಗೆಯ ಮೇಲೆ ಹಾಗೇ ಒರಗಿಸಿ, ರಸ್ತೆಯ ಆಚೆಯೂ ಕರೆಂಟ್ ಹೋಗಿದೆಯೋ ನೋಡಿ ಬಂದು, ಬೆಂಚಿನ ಮೇಲೆ ಕೈಯೂರಿ ನಿಂತು ಬೀಡಿ ಹಚ್ಚಿದ. ಕರೆಂಟ್ ಬಂತು. ಎಡಗೈಯ ನಡುಬೆರಳು ಹೋಯಿತು.

ಆಚಾರ್ರು ತಮ್ಮ ಅಂಗಿ ಬಿಚ್ಚಿ ಅವನ ಕೈಗೆ ಸುತ್ತಿ ತರಕಾರಿ ಗಾಡಿಯೊಂದರಲ್ಲಿ ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅವನ ತಾಯಿಯನ್ನೂ ತಂದೆಯನ್ನೂ ಸೇರಿಸಿ ಬೈದರಂತೆ. ಅವನು ಅಳುತ್ತಾ, "ನೋಯ್ತದ ಆಚಾರ್ರೇ, ಸುಮ್ನಿರಿ" ಎಂದರೆ, "ನೋಯ್ಲಿ ಕಣ್ಲಾ, ನೋಯ್ದೆ ಇನ್ನೇನ್ ನಗ್ತದಾ?" ಎಂದರಂತೆ. ನಲವತ್ತು ದಿನದ ಮೇಲೆ ಅವನು ಕೆಲಸಕ್ಕೆ ಬಂದು ಮೆಷಿನ್ ಕಡೆ ಕೈ ಚಾಚಿದ. ಆಚಾರ್ರು ಅಡ್ಡ ನಿಂತರು.

"ನಿಂದು ಒಂಬತ್ತು. ಉಪ್ಪುಕಾಗದ ಇಡ್ಕಂಡು ಆ ಮೂಲೇಲಿ ಕುಂತ್ಕೊ."

ಆರು ತಿಂಗಳು ಕುಳಿತ. ಗಿರಾಕಿಗಳು ಬಂದಾಗ ಆಚಾರ್ರು ತಮ್ಮ ಕೈ ಎಣಿಸಲು ಕೊಟ್ಟು, ಆಮೇಲೆ "ಅಲ್ಲಿ ಕುಂತಿರೋನ್ದೂ ಎಣ್ಸಿ" ಎನ್ನುತ್ತಿದ್ದರು. ಆರು ತಿಂಗಳ ಮೇಲೆ ಮಾದೇವ ಬದನಗುಪ್ಪೆಯ ಒಂದು ಕಾರ್ಖಾನೆಗೆ ಕಾವಲು ಕೆಲಸಕ್ಕೆ ಹೋದ. ಅಂದಿನಿಂದ ಕರೆಂಟ್ ಹೋದ ಕೂಡಲೇ ಆಚಾರ್ರು "ಪ್ಲಗ್!" ಎಂದು ಕೂಗುತ್ತಿದ್ದರು, ನಾವೆಲ್ಲ ಓಡಿ ಕೀಳುತ್ತಿದ್ದೆವು. ಆಮೇಲೆ ಯಾರ ಬೆರಳೂ ಹೋಗಲಿಲ್ಲ. ಅದನ್ನೂ ಬರೆಯಬೇಕು.

ಇನ್ನೊಂದು ನಿಯಮವಿತ್ತು. ಕೈ ನಡುಗುವವರು ಮೆಷಿನ್ ಮುಟ್ಟಬಾರದು. ಹಿಂದಿನ ದಿನ ಕುಡಿದವರು ಬೆಳಿಗ್ಗೆ ಬಂದರೆ ಒಂದು ಲೋಟಕ್ಕೆ ನೀರು ತುಂಬಿಸಿ, ಕೈ ಚಾಚಿ ಹಿಡಿದು ನಿಲ್ಲು ಎನ್ನುತ್ತಿದ್ದರು. ಒಂದು ಹನಿ ಚೆಲ್ಲಿದರೂ ಉಳಿದ ನೀರನ್ನು ಅವನ ತಲೆಗೆ ಸುರಿದು ಮನೆಗೆ ಕಳಿಸುತ್ತಿದ್ದರು. ಅವರದೇ ಕೈ ನಡುಗತೊಡಗಿದಾಗ ಆ ಲೋಟವನ್ನು ಅವರ ಮುಂದೆ ಹಿಡಿಯುವವರು ಯಾರೂ ಇರಲಿಲ್ಲ. ಅದು ಕುಡಿತದ ನಡುಕವಲ್ಲ. ಅವರು ಕುಡಿಯುತ್ತಿರಲಿಲ್ಲ. ಬಲಗೈ, ಸುಮ್ಮನಿದ್ದಾಗ ಹೆಚ್ಚು. ಹಿಡಿಯನ್ನು ಬಿಗಿಯಾಗಿ ಹಿಡಿದರೆ ನಿಲ್ಲುತ್ತಿತ್ತು. ಅದಕ್ಕೇ ಅವರು ಮೆಷಿನನ್ನು ಆದಷ್ಟು ಕೆಳಗಿಡುತ್ತಿರಲಿಲ್ಲ.

ಆಯುಧಪೂಜೆಯ ದಿನ ಸಾಹುಕಾರರ ಹೆಂಡತಿ ಬಂದು ಎಲ್ಲ ಸಾಮಾನಿಗೂ ವಿಭೂತಿ ಬಳಿಯುವುದು ರೂಢಿ. ಮೊದಲು ಎಣ್ಣೆ ಒರೆಸುತ್ತೇವೆ, ಅದರ ಮೇಲೆ ನೀರಲ್ಲಿ ಕಲಸಿದ ವಿಭೂತಿ ಮೂರು ಪಟ್ಟೆ, ಕುಂಕುಮ, ಹೂವು. ಗರಗಸಕ್ಕೆ, ಉಳಿಗೆ, ರೂಟರಿಗೆ, ತಟ್ಟೆಯಲ್ಲಿ ಸಾಲಾಗಿಟ್ಟ ಬಿಟ್‌ಗಳಿಗೆ ಕೂಡ. ಬಿಟ್ಟಿನ ಕಾಲನ್ನು ಮೆಷಿನ್ನಿನ ಉಕ್ಕಿನ ಬಾಯಿ ಕಚ್ಚಿ ಹಿಡಿಯಬೇಕು. ಆ ಕಾಲಿನಲ್ಲಿ ಎಣ್ಣೆ ವಿಭೂತಿ ಮೆತ್ತಿಕೊಂಡಿದ್ದರೆ ಎಷ್ಟು ಬಿಗಿದರೂ ಹಿಡಿತ ಬರುವುದಿಲ್ಲ. ಪ್ರತಿ ವರ್ಷ ವಿಜಯದಶಮಿಯ ಬೆಳಿಗ್ಗೆ ಆಚಾರ್ರು ಎಲ್ಲರಿಗಿಂತ ಮೊದಲು ಬಂದು ಸೀಮೆಎಣ್ಣೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸುತ್ತಿದ್ದರು. "ದ್ಯಾವ್ರಿಗ ಬಳ್ದಿದ್ದು ದ್ಯಾವ್ರಿಗಾಯ್ತು. ಮೆಷಿನ್‌ಗ ಈಬೂತಿ ಅರಗಕಿಲ್ಲ" ಎನ್ನುತ್ತಿದ್ದರು.

ಆ ವರ್ಷದ ವಿಜಯದಶಮಿಯಂದು ಬಸ್ಸು ತಡವಾಯಿತು. ಅವರು ಬರುವ ಹೊತ್ತಿಗೆ ಸಾಹುಕಾರರು ಕೇರಳದ ಕಡೆಯ ಗಿರಾಕಿಯೊಬ್ಬರನ್ನು ಕರೆದುಕೊಂಡು ಬಂದು ನಿಂತಿದ್ದರು. ಆ ಗಿರಾಕಿಯ ಮನೆಯ ಮುಂಬಾಗಿಲಿನ ಕೆಲಸ, ಒಳ್ಳೆಯ ಗಳಿಗೆ ಮೀರುವ ಮೊದಲು ಮೊದಲ ಗೆರೆ ಬೀಳಬೇಕು. ಆಚಾರ್ರು ಅವಸರದಲ್ಲಿ ತಟ್ಟೆಯಿಂದ ಬಿಟ್ ಎತ್ತಿ ಹಾಗೇ ಮೆಷಿನ್‌ಗೆ ಹಾಕಿದರು. ಸ್ಪ್ಯಾನರ್ ಹಿಡಿದ ಕೈ ನಡುಗಿ ಎರಡು ಸಲ ಜಾರಿತು. ನಾನು ಹತ್ತಿರ ಹೋದೆ.

"ಕೊಡಿ ಆಚಾರ್ರೇ, ಒರ್ಸಿ ಬಿಗಿ ಮಾಡ್ಕೊಡ್ತೀನಿ."

ಸ್ಪ್ಯಾನರಿನಿಂದಲೇ ನನ್ನ ಮಣಿಕಟ್ಟಿಗೆ ಹೊಡೆದರು. "ದೂರ ನಿಂತ್ಕೊ. ನಂಗ ಬಿಗಿ ಮಾಡೋದ ಕಲಿಸ್ತೀಯಾ?"

ನಾನು ದೂರ ನಿಲ್ಲಲಿಲ್ಲ. ಪ್ಲಗ್ ಹತ್ತಿರ ಹೋಗಿ ನಿಂತೆ.

ಮೊದಲ ಅರ್ಧ ಗೆರೆ ಸರಿಯಾಗಿ ಬಂತು. ಆಮೇಲೆ ಮೋಟರಿನ ದನಿ ದಪ್ಪಗಾಯಿತು. ಬಿಟ್ ಮೆಷಿನ್ನಿನ ಬಾಯಿಂದ ಜಾರಿ ಕೆಳಗಿಳಿಯುತ್ತಿತ್ತು, ಗೆರೆ ಮುಂದೆ ಮುಂದೆ ಆಳವಾಗುತ್ತಿತ್ತು. ನನಗೆ ಕೇಳಿಸಿತು. ಮೂಲೆಯಲ್ಲಿದ್ದವರಿಗೂ ಕೇಳಿಸಿತು. ಅವರಿಗೆ ಕೇಳಿಸಲಿಲ್ಲ.

"ಆಚಾರ್ರೇ, ಬಿಟ್ ಇಳೀತಾ ಅದ!"

ಅದೂ ಕೇಳಿಸಲಿಲ್ಲ. ಬಿಟ್ ಮರದಲ್ಲಿ ಕಚ್ಚಿಕೊಂಡು ಮೆಷಿನ್ ಒದೆಯಿತು. ಬಲಗೈ ಹಿಡಿಯಿಂದ ಕಳಚಿತು. ಮೆಷಿನ್ ಎಡಗೈಯ ಸುತ್ತ ತಿರುಗಿ ಅವರ ಕಡೆಗೇ ಮಗುಚಿತು. ನಾನು ಪ್ಲಗ್ ಕಿತ್ತೆ. ಬಿಟ್ ಸುತ್ತುತ್ತಾ ಸುತ್ತುತ್ತಾ ನಿಂತಾಗ ಅವರ ಎಡಗೈ ಹೆಬ್ಬೆರಳಿಗೂ ಅದಕ್ಕೂ ನಡುವೆ ಒಂದು ಬೆಂಕಿಕಡ್ಡಿಯ ದಪ್ಪದಷ್ಟೇ ಜಾಗವಿತ್ತು.

ನಾನು ಹೋಗಿ ಮೆಷಿನನ್ನು ಎರಡು ಕೈಯಲ್ಲೂ ಹಿಡಿದು ಎಳೆದುಕೊಂಡೆ. ಅವರು ಒಂದು ಕೈಯಲ್ಲಿ ಹಿಡಿ ಬಿಡಲಿಲ್ಲ. ನಾನು ಇನ್ನೊಮ್ಮೆ ಎಳೆದೆ. ಬಂತು.

"ಕೊಡಮ್ಮಿ ಇಲ್ಲಿ. ಮರದಲ್ಲಿ ಗಂಟಿತ್ತು."

"ಗಂಟಲ್ಲ ಆಚಾರ್ರೇ. ನೀವು ಈಬೂತಿ ಒರ್ಸಿಲ್ಲ."

ಸಾಹುಕಾರರು ಮುಂದೆ ಬಂದು ಗೆರೆಯನ್ನೂ ಬಿಟ್ಟನ್ನೂ ನೋಡಿದರು. ಆಚಾರ್ರು ಮೆಷಿನ್‌ಗಾಗಿ ಬಲಗೈ ಚಾಚಿಯೇ ಇದ್ದರು. ಹಿಡಿದುಕೊಳ್ಳಲು ಏನೂ ಇಲ್ಲದ ಆ ಕೈ ಎಲ್ಲರ ಮುಂದೆ ನಡುಗುತ್ತಿತ್ತು.

"ಕೈ ನಡುಗೋರು ಮೆಷಿನ್ ಮುಟ್ಬಾರ್ದು ಅಂದೋರು ನೀವೇ" ಎಂದೆ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಮೆಷಿನ್ ನನ್ನ ಕೈಯಲ್ಲಿತ್ತು, ಪ್ಲಗ್ ಕಿತ್ತಿತ್ತು, ಅವರ ಬೆರಳು ಹತ್ತೂ ಇದ್ದವು. ಸಾಹುಕಾರರು ನೋಡಬೇಕಾದ್ದನ್ನು ನೋಡಿಯಾಗಿತ್ತು. ಆದರೆ ನನ್ನ ಬಾಯಲ್ಲಿ ಇನ್ನೂ ಒಂದು ಮಾತಿತ್ತು. ಅದು ನನಗೆ ತಾನಾಗಿ ಬಂದ ಮಾತಲ್ಲ, ಹುಡುಕಿ ಎತ್ತಿಕೊಂಡದ್ದು.

"ಉಪ್ಪುಕಾಗದ ಇಡ್ಕಂಡು ಆ ಮೂಲೇಲಿ ಕುಂತ್ಕೊಳಿ."

ಕೇರಳದ ಗಿರಾಕಿಗೆ ಏನು ಅರ್ಥವಾಯಿತೋ, ಸುಮ್ಮನೆ ನಕ್ಕರು. ಆಚಾರ್ರು ಸಾಹುಕಾರರ ಮುಖ ನೋಡಿದರು. ಸಾಹುಕಾರರು, "ಇವತ್ತೊಂದಿನ ಅವ್ಳೇ ಮಾಡ್ಲಿ ಬುಡಿ ಆಚಾರ್ರೇ" ಎಂದರು. ಇವತ್ತೊಂದು ದಿನ ಎಂದರೇನು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವರು ಜಗಳ ಆಡುತ್ತಾರೆ ಎಂದುಕೊಂಡಿದ್ದೆ. ಆಡಲಿಲ್ಲ. ಉಪ್ಪುಕಾಗದ ತೆಗೆದುಕೊಂಡು ಮೂಲೆಗೆ ಹೋಗಿ ಕುಳಿತರು. ಸಂಜೆಯವರೆಗೂ ಒಂದು ಬಾಗಿಲನ್ನು ಉಜ್ಜಿದರು. ಮರದ ಎಳೆಯ ಉದ್ದಕ್ಕೇ, ಒಂದೇ ಅಳತೆಯಲ್ಲಿ, ಚೆನ್ನಾಗಿ ಉಜ್ಜಿದರು. ನಾನು ಅವರ ಕಡೆ ಬೆನ್ನು ಹಾಕಿಕೊಂಡು ಬಿಟ್ ಒರೆಸಿ, ಬಿಗಿದು, ಕೆಲಸ ಮಾಡಿದೆ. ಆ ದಿನ ನನ್ನ ಗೆರೆ ಎಂದಿಗಿಂತ ನೇರವಾಗಿ ಬಂತು. ಸಂತೋಷವಾಗಿತ್ತು. ಸುಳ್ಳು ಹೇಳಿ ಪ್ರಯೋಜನವಿಲ್ಲ, ಸಂತೋಷವಾಗಿತ್ತು. ಐದೂವರೆಗೆ ಅವರು ಬಸ್ಸಿಗೆ ಹೋದರು. ಮಾರನೆಯ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಸುದ್ದಿ ಬದನಗುಪ್ಪೆಯವರೆಗೂ ಹೋಯಿತು. ಒಂದು ಭಾನುವಾರ ಮಾದೇವ ಮೈಸೂರುಪಾಕಿನ ಪೊಟ್ಟಣ ಹಿಡಿದುಕೊಂಡು ನಮ್ಮ ಮನೆಗೆ ಬಂದ.

"ಅದೇ ಮಾತಾ? ಅದೇ ಮಾತ್ನೇ ಅಂದ್ಬುಟ್ಟಾ?"

"ಊಂ."

"ಮೂಲೇಗ ಓಗಿ ಕುಂತ್ನಾ?"

"ಕುಂತ್ರು."

ಬೆರಳು ಹೋದ ಕೈಯನ್ನು ತೊಡೆಗೆ ಬಡಿದುಕೊಂಡು ನಕ್ಕ. "ಅವ್ನ್ ಬಾಯಿ ಅವ್ನ್‌ಗೇ ತಿರುಗುಸ್ದಲ್ಲ ಕಣಮ್ಮಿ! ನನ್ನ ಕೈಲಿ ಆಗ್ನಿಲ್ಲ. ಇನ್ನೊಂದ್ಸಲ ಏಳು, ಹೆಂಗಂದೆ?" ನಾನು ಹೇಳಲಿಲ್ಲ. ಅವನು ಹೋದ ಮೇಲೆ ಪೊಟ್ಟಣ ಬಿಚ್ಚಲಿಲ್ಲ, ಇರುವೆ ಮುತ್ತಿತು. ಅವನಿಗೆ ಆ ಮಾತು ಸಿಹಿಯಾಗಿತ್ತು, ಅವನಿಗೆ ಹಕ್ಕಿತ್ತು. ನನಗೆ ಏನು ಹಕ್ಕಿತ್ತು? ನನ್ನನ್ನು ಅವರು ಮೂಲೆಯಿಂದ ಎಬ್ಬಿಸಿದ್ದರು.

ನಾಲ್ಕು ತಿಂಗಳ ಮೇಲೆ ಹರವೆಗೆ ಹೋದೆ. ಬಸ್ಸಿನಲ್ಲಿ ಏನು ಹೇಳಬೇಕೆಂದು ಹೊಂದಿಸಿಕೊಂಡಿದ್ದೆ. ಮೆಷಿನ್ ಕಿತ್ತುಕೊಂಡಿದ್ದಕ್ಕೆ ನಾನೇನೂ ನೊಂದಿಲ್ಲ ಆಚಾರ್ರೇ, ನಾಳೆ ಬಂದರೂ ಕಿತ್ತುಕೊಳ್ಳುತ್ತೇನೆ, ಆದರೆ ಮೂಲೆಯ ಮಾತು ಆಡಬಾರದಿತ್ತು. ಇಷ್ಟೇ. ಅವರು ಹೊರಗೆ ಜಗಲಿಯ ಮೇಲೆ ಕುಳಿತಿದ್ದರು. ಮುಖ ಇಳಿದಿತ್ತು. ನನ್ನನ್ನು ನೋಡಿದರು. ಚೆನ್ನಾಗಿ ನೋಡಿದರು. ಆಮೇಲೆ ಒಳಗೆ ಕೇಳುವಂತೆ ಕೂಗಿದರು:

"ಯಾರೋ ಬಂದವ್ರ. ದಾರಿ ತಪ್ಪಿರ್ಬೇಕು. ನೀರ್ ಕೊಟ್ಟು ಕಳ್ಸು."

ಅವರ ಹೆಂಡತಿ ಚೊಂಬಿನಲ್ಲಿ ನೀರು ತಂದುಕೊಟ್ಟರು. ಕುಡಿದೆ. ಆಚಾರ್ರು ರಸ್ತೆಯ ಕಡೆ ನೋಡುತ್ತಾ ಕುಳಿತಿದ್ದರು. ಹೊಂದಿಸಿಕೊಂಡು ಹೋಗಿದ್ದ ಮಾತು ನಾನು ಆಡಲಿಲ್ಲ. ಚೊಂಬು ಇಟ್ಟು ಬಸ್ ಸ್ಟಾಪಿಗೆ ನಡೆದೆ. ಇನ್ನೊಮ್ಮೆ ಹೋಗುತ್ತೇನೆ, ಆಗ ಹೇಳುತ್ತೇನೆ ಎಂದುಕೊಂಡೆ. ಕೆಲಸ ಇತ್ತು, ಮೆಷಿನ್ ಹಿಡಿಯುವವರು ನಾನೊಬ್ಬಳೇ, ರಜೆ ಸಿಗುತ್ತಿರಲಿಲ್ಲ ಎಂದು ಹೇಳಬಹುದು. ನಿಜವೆಂದರೆ ಮತ್ತೆ ಆ ಜಗಲಿಯ ಮುಂದೆ ನಿಲ್ಲಲು ಹೆದರಿಕೆಯಾಯಿತು.

ಅವರು ಹೋದ ಸುದ್ದಿ ಮೂರು ದಿನ ತಡವಾಗಿ ಬಂತು. ತಿಥಿಗೆ ಹೋದೆ. ಊಟವಾದ ಮೇಲೆ ಅವರ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದರು.

"ನೀರ್ ಕುಡ್ದು ಓದೋಳು ನೀನೇ ಅಲ್ವಾ?"

"ನಾನೇ ಕಣಮ್ಮ."

"ಆ ಕೈ ಇತ್ತಲ್ಲ, ಅದ ತೊಡೆ ಕೆಳಗ ಇಟ್ಕಂಡೇ ಕುಂತಿರ್ತಿದ್ರು. ಉಣ್ಣುವಾಗ್ಲೂ ಎಡಗೈಲೇ ಉಣ್ತೀನಿ ಅನ್ನೋರು. ನಾನ್ ತಿನ್ನುಸ್ತೀನಿ ಅಂದ್ರ ತಟ್ಟೆ ಎಸಿಯೋರು. ಸಾಯೋ ದಿನ್ವೂ ಆ ಕೈಯ್ಯ ಈಚ್ಗ ತಗೀನಿಲ್ಲ. ಆಮೇಲ ನಾವೇ ತಗ್ದೋ. ಆಗ ನಡುಗ್ತಿರ್ನಿಲ್ಲ."

ನಾನು ಕೇಳಿದೆ.

"ನನ್ನ ಇಸ್ಯ ಏನಾರ ಅಂದ್ರಾ?"

"ಇಲ್ಲ."

"ಬೈಯ್ನೂ ಇಲ್ವಾ? ಒಂದ್ಸಲನೂ?"

ಅವರು ಯೋಚಿಸಿದರು. ನನಗೆ ಏನಾದರೂ ಕೊಡಬೇಕೆಂದು ಅವರಿಗೆ ಮನಸ್ಸಿತ್ತು, ಮುಖದಲ್ಲಿ ಕಾಣುತ್ತಿತ್ತು. ಆದರೆ ಸುಳ್ಳು ಹೇಳುವ ಹೆಂಗಸಲ್ಲ.

"ಇಲ್ಲ ಕಣವ್ವ. ಅಂಗಡಿಯೋರ್ನೆಲ್ಲ ಬೈಯೋರು. ಸಾವ್ಕಾರ್ರ, ಮಾದೇವ್ನ, ಎಲ್ಲಾರ್ನೂ. ನಿನ್ನ ಎಸ್ರು ಮಾತ್ರ ಎತ್ತೇ ಇಲ್ಲ."

ಈಗ ಅಂಗಡಿಯಲ್ಲಿ ಮೆಷಿನ್ ನನ್ನದು. ಪೂಜೆಯಾದ ಮಾರನೆಯ ಬೆಳಿಗ್ಗೆ ಬಿಟ್‌ಗಳನ್ನು ಒರೆಸುವವಳೂ ನಾನೇ. ಮೆಷಿನ್ ಕಿತ್ತುಕೊಂಡದ್ದು ಸರಿ ಎಂದು ಅಂದೂ ಗೊತ್ತಿತ್ತು, ಇಂದೂ ಗೊತ್ತಿದೆ. ಆಮೇಲೆ ಆಡಿದ ಮಾತು ತಪ್ಪು. ಅದು ತಪ್ಪೆಂದು ಟೀ ಅಂಗಡಿಯಾಕೆಗೆ ಹೇಳಿದ್ದೇನೆ, ಆಚಾರ್ರ ಹೆಂಡತಿಗೆ ಹೇಳಿದ್ದೇನೆ, ಇಲ್ಲಿ ಬರೆದೂ ಇದ್ದೇನೆ. ಅವರಿಗೆ ಹೇಳಿಲ್ಲ.